5ಜಿ ತಡೆಯೋ ಪೆಂಡೆಂಟ್: ನಾಲ್ಕು ವರ್ಷ ಬಳಸಿದ ಮೇಲೆ ಒಂದು ರಿವ್ಯೂ

ಮೊದಲು ವ್ಯವಹಾರದ ಮಾತು ಮುಗಿಸಿಬಿಡುತ್ತೇನೆ. ಬೆಲೆ 3,200 ರೂಪಾಯಿ. ಕೊಂಡಿದ್ದು 2021ರ ಮೇ ತಿಂಗಳಲ್ಲಿ, ತಿಪಟೂರಿನಲ್ಲಿ. ಅಂಗಡಿಯಲ್ಲಲ್ಲ, ಮನೆ ಬಾಗಿಲಲ್ಲಿ. ಕೊಂಡವರು ನಮ್ಮ ಚಿಕ್ಕಪ್ಪ. ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದಾದ ಕಪ್ಪು ಬಿಲ್ಲೆ, ಮುಟ್ಟಿದರೆ ತಣ್ಣಗಿರುತ್ತದೆ, ಮೇಲೆ ಚಕ್ರದ ತರಹದ ಒಂದು ಚಿತ್ರ, ಜೊತೆಗೆ ಕುತ್ತಿಗೆಗೆ ಹಾಕಿಕೊಳ್ಳಲು ಹೆಣೆದ ಕಪ್ಪು ದಾರ. ಡಬ್ಬಿ ಮಾತ್ರ ಭರ್ಜರಿ. ಒಳಗೆ ವೆಲ್ವೆಟ್ ಬಟ್ಟೆ, ಒಂದು ಪ್ಲಾಸ್ಟಿಕ್ ಕಾರ್ಡು, ಕಾರ್ಡಿನ ಮೇಲೆ ಸೀರಿಯಲ್ ನಂಬರು. ಕಂಪನಿ ಹೆಸರು ಇಲ್ಲಿ ಬರೆಯುವುದಿಲ್ಲ, ಇವತ್ತು ಒಂದು ಹೆಸರಲ್ಲಿ ಮಾರುತ್ತಾರೆ, ನಾಳೆ ಇನ್ನೊಂದು ಹೆಸರು.

ಏನು ಮಾಡುತ್ತದಂತೆ? ಮೊಬೈಲ್ ಟವರಿನ ರೇಡಿಯೇಷನ್ ತಡೆಯುತ್ತದೆ, ಮುಖ್ಯವಾಗಿ 5ಜಿಯದ್ದು. ಅದರಿಂದ ಇಮ್ಯುನಿಟಿ ಜಾಸ್ತಿಯಾಗುತ್ತದೆ. ಇಮ್ಯುನಿಟಿ ಜಾಸ್ತಿಯಾದರೆ ಕೊರೊನಾ ಹತ್ತಿರ ಬರುವುದಿಲ್ಲ. ಜೊತೆಗೆ ಮಂಡಿ ನೋವು, ನಿದ್ದೆ, ಶುಗರ್ ಎಲ್ಲಕ್ಕೂ ಒಳ್ಳೆಯದು. ಒಂದು ಬಿಲ್ಲೆಗೆ ಇಷ್ಟು ಕೆಲಸ.

ನಾನು ಈ ರಿವ್ಯೂ ಬರೆಯೋಕೆ ನಾಲ್ಕು ವರ್ಷ ಯಾಕೆ ತಗೊಂಡೆ ಅಂದರೆ, ಮೊದಲ ವರ್ಷ ಬರೆದಿದ್ದರೆ ಬರೀ ನಗಾಡಿಬಿಡುತ್ತಿದ್ದೆ. ಈಗಲೂ ನಗು ಬರುತ್ತದೆ, ಆದರೆ ಬೇರೆ ಕಡೆಗೆ.

ಹೇಳಿದ ಕೆಲಸ ಮಾಡಿತಾ ಅನ್ನುವುದಕ್ಕೆ ಉತ್ತರ ಚಿಕ್ಕದು. ಇಲ್ಲ, ಮಾಡೋಕೆ ಆಗುತ್ತಲೂ ಇರಲಿಲ್ಲ. ಚಿಕ್ಕಪ್ಪ ಬಿಲ್ಲೆ ಕೊರಳಿಗೆ ಹಾಕಿಕೊಂಡ ದಿನ ದೇಶದಲ್ಲಿ 5ಜಿ ಸೇವೆಯೇ ಇರಲಿಲ್ಲ. ಅದು ಶುರುವಾಗಿದ್ದು 2022ರ ಅಕ್ಟೋಬರ್ 1ಕ್ಕೆ. ಇಲ್ಲದ ಮಳೆಗೆ ಕೊಡೆ ಹಿಡಿದ ಹಾಗೆ. ಇನ್ನು ಇದ್ದಿದ್ದರೂ ಅಷ್ಟೇ. ಮೊಬೈಲ್ ತರಂಗ ಅಂದರೆ ರೇಡಿಯೋ ತರಂಗದ ಜಾತಿ, ವೈರಸ್ಸನ್ನು ಹೊತ್ತುಕೊಂಡು ಬರುವ ಬಸ್ಸಲ್ಲ. 5ಜಿ ವಾಸನೆಯೂ ಇಲ್ಲದ ಎಷ್ಟೋ ದೇಶಗಳಲ್ಲಿ ಕೊರೊನಾ ಹಬ್ಬಿತ್ತು.

ಆದರೆ 5ಜಿಯಿಂದಲೇ ಕೊರೊನಾ ಅನ್ನುವ ಆ ಸುದ್ದಿ ಹುಟ್ಟಿದ ಗಳಿಗೆ ಇದೆಯಲ್ಲ, ಅದನ್ನು ಸ್ವಲ್ಪ ನೋಡಿ. 2021ರ ಮೇ 4ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ 5ಜಿ ಪ್ರಯೋಗ ನಡೆಸಲು ಅನುಮತಿ ಕೊಟ್ಟಿತು. ಮೇ 5ಕ್ಕೆ ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರ ಹೊಸ ಕೇಸು ದಾಟಿತು. ಅದೇ ವಾರ ದೇಶದಲ್ಲಿ ದಿನಕ್ಕೆ 4 ಲಕ್ಷದ ಮೇಲೆ. ಎರಡೂ ಸುದ್ದಿ ಒಂದೇ ಪೇಪರಿನಲ್ಲಿ, ಅಕ್ಕಪಕ್ಕದ ಪುಟದಲ್ಲಿ. ಮನುಷ್ಯನ ತಲೆ ಎರಡು ಚುಕ್ಕೆ ಕಂಡರೆ ಗೆರೆ ಎಳೆಯದೆ ಸುಮ್ಮನಿರುವುದಿಲ್ಲ, ನಮ್ಮವರಿಗಂತೂ ರಂಗೋಲಿ ಹಾಕಿ ಅಭ್ಯಾಸ. ಪ್ರಯೋಗಕ್ಕೆ ಅನುಮತಿ ಸಿಕ್ಕಿದ್ದಷ್ಟೇ, ಪ್ರಯೋಗ ಎಲ್ಲೂ ಶುರುವಾಗಿಲ್ಲ ಅಂತ ಇಲಾಖೆ ಮೇ 10ರಂದು ಸ್ಪಷ್ಟನೆ ಕೊಟ್ಟಿತು. ಅಷ್ಟು ಹೊತ್ತಿಗೆ ನಮ್ಮ ಮನೆಯ ಗ್ರೂಪಿನಲ್ಲಿ ಆ ಮೆಸೇಜು ಮೂರು ಸಲ ಬಂದಾಗಿತ್ತು. ಗಂಟಲು ಒಣಗುತ್ತಿದೆಯಾ? ಮನೆಯ ಸಾಮಾನು ಮುಟ್ಟಿದರೆ ಸಣ್ಣಗೆ ಶಾಕ್ ಹೊಡೆಯುತ್ತಿದೆಯಾ? ಮೂಗಿನಲ್ಲಿ ರಕ್ತ ಹೆಪ್ಪುಗಟ್ಟಿದೆಯಾ? ಇದೆಲ್ಲ 5ಜಿ ಟೆಸ್ಟಿಂಗು!

ಬಿರುಬೇಸಿಗೆಯಲ್ಲಿ ಗಂಟಲು ಒಣಗದೆ ಇರುತ್ತದಾ? ಒಣಹವೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಕಬ್ಬಿಣದ ಬಾಗಿಲು ಮುಟ್ಟಿದರೆ ಚುರುಕ್ ಅನ್ನುತ್ತದೆ, ಪ್ರತಿ ವರ್ಷ ಅನ್ನುತ್ತದೆ. ಆದರೆ ಆ ವರ್ಷ ಮಾತ್ರ ಅದನ್ನು ಗಮನಿಸುವಂತೆ ಯಾರೋ ಹೇಳಿದ್ದರು. ಈ ಮೆಸೇಜಿನ ಕೈಚಳಕ ಇಲ್ಲಿದೆ. ಅದು ನಿಮ್ಮನ್ನು ನಂಬು ಅನ್ನುವುದಿಲ್ಲ, ನೀವೇ ಪರೀಕ್ಷೆ ಮಾಡಿ ನೋಡಿ ಅನ್ನುತ್ತದೆ. ಪರೀಕ್ಷೆಯಲ್ಲಿ ಪಾಸಾಗುವಂಥ ಪ್ರಶ್ನೆಯನ್ನೇ ಕೊಡುತ್ತದೆ. ಚಿಕ್ಕಮ್ಮ ಬೀರು ಮುಟ್ಟಿದರು, ಶಾಕ್ ಹೊಡೆಯಿತು, ಮುಗಿಯಿತು.

ಚಿಕ್ಕಪ್ಪ ದಡ್ಡರು ಅಂತ ನೀವು ಅಂದುಕೊಂಡಿದ್ದರೆ, ಅದನ್ನು ಈಗಲೇ ಬಿಟ್ಟುಬಿಡಿ. ನಲವತ್ತು ವರ್ಷದಿಂದ ಕೊಬ್ಬರಿ ವ್ಯಾಪಾರ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಗಿಟುಕಾಗಿದೆಯೋ ಇಲ್ಲವೋ, ಕೆಟ್ಟಿದೆಯೋ ಅಂತ ಒಡೆಯದೆ ಹೇಳುತ್ತಾರೆ. ಮಂಡಿಯಲ್ಲಿ ಅವರಿಗೆ ಕಳಪೆ ಕೊಬ್ಬರಿ ದಾಟಿಸಿದವರಿಲ್ಲ. ಅಂಥ ಮನುಷ್ಯ 3,200 ರೂಪಾಯಿ ಎಣಿಸಿ ಕೊಟ್ಟು ಒಂದು ಕಪ್ಪು ಬಿಲ್ಲೆ ಕೊಂಡರು. ಅಲ್ಲಾಡಿಸಿ ಕೂಡ ನೋಡಲಿಲ್ಲ.

ಆ ಮೇ ತಿಂಗಳು ಅವರ ಮನೆಯಲ್ಲಿ ಹೇಗಿತ್ತು ಅಂದರೆ, ಬೆಳಿಗ್ಗೆ ಆರರಿಂದ ಹತ್ತರ ತನಕ ಅಂಗಡಿ ತೆರೆಯುತ್ತಿತ್ತು, ಆಮೇಲೆ ಲಾಕ್‌ಡೌನು. ಹತ್ತು ಗಂಟೆಯಿಂದ ರಾತ್ರಿಯವರೆಗೆ ಕೈಯಲ್ಲಿ ಫೋನು, ಎದುರಿಗೆ ಟಿವಿ. ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ ಸಂಖ್ಯೆ ಏರುತ್ತಲೇ ಇರುತ್ತದೆ, ಹಿಂದುಗಡೆ ಢಮಢಮ ಸಂಗೀತ. ಫೋನಿನಲ್ಲಿ ದಿನಕ್ಕೊಂದು ಸಾವು. ಮಂಡಿಯಲ್ಲಿ ಅವರ ಪಕ್ಕದ ಗದ್ದಿಗೆಯವರು, ಮೂವತ್ತು ವರ್ಷದ ಸ್ನೇಹ, ಐವತ್ತೆರಡು ವಯಸ್ಸು, ಬಿಪಿ ಶುಗರ್ ಏನೂ ಇಲ್ಲ, ಆರು ದಿನದಲ್ಲಿ ಹೋಗಿಬಿಟ್ಟರು. ಮಣ್ಣಿಗೆ ಐದೇ ಜನ. ಚಿಕ್ಕಪ್ಪ ಅವರಲ್ಲಿ ಒಬ್ಬರಲ್ಲ. ಮುಖ ನೋಡಲಿಲ್ಲ, ಮಣ್ಣು ಹಾಕಲಿಲ್ಲ, ತಿಥಿಗೂ ಜನ ಸೇರುವ ಹಾಗಿರಲಿಲ್ಲ. ಅವರು ನನಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು, "ಅವನಿಗ್ಯಾಕೆ ಬಂತಪ್ಪ, ನನಗ್ಯಾಕೆ ಬರಲಿಲ್ಲ?"

ನಾನು ಓದಿದವನಲ್ಲವಾ, ವೈರಲ್ ಲೋಡು, ಗಾಳಿಯಾಡದ ಕೋಣೆ, ರೂಪಾಂತರ ಅಂತೆಲ್ಲ ಶುರು ಮಾಡಿದೆ. ಡೆಲ್ಟಾ ಅಂದೆ. ಅವರು ಹೂಂ ಅಂದರು. ಈಗ ಯೋಚಿಸಿದರೆ ಗೊತ್ತಾಗುತ್ತದೆ, ಅವರು ಕೇಳಿದ್ದು ಹೇಗೆ ಅಂತಲ್ಲ, ಯಾಕೆ ಅಂತ. ವಿಜ್ಞಾನದ ಹತ್ತಿರ ಆ 'ಯಾಕೆ'ಗೆ ಇರುವ ಪ್ರಾಮಾಣಿಕ ಉತ್ತರ ಬಹಳ ಸಲ 'ಗ್ರಹಚಾರ' ಅನ್ನುವುದಕ್ಕಿಂತ ದೊಡ್ಡದೇನಲ್ಲ. ಪೆಂಡೆಂಟ್ ಮಾರಲು ಬಂದವನ ಹತ್ತಿರ ಉತ್ತರ ಇತ್ತು. ನಿಮ್ಮ ಸ್ನೇಹಿತರ ಮನೆ ಟವರ್ ಹತ್ತಿರ ಇತ್ತಲ್ಲವಾ ಮಾವ ಅಂದ. ಇತ್ತು. ಊರಲ್ಲಿ ಯಾರ ಮನೆ ಯಾವುದೋ ಒಂದು ಟವರಿನ ಹತ್ತಿರ ಇಲ್ಲ ಹೇಳಿ?

ಈ ಹುಡುಗನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಈ ಸರಕಿನ ಅಸಲಿ ಕ್ವಾಲಿಟಿ ಇರುವುದು ಅವನಲ್ಲಿ. ಚಿಕ್ಕಮ್ಮನ ಅಣ್ಣನ ಮಗ. ವಿಮೆ ಮಾಡಿಸುತ್ತಾನೆ, ಜೊತೆಗೆ ಇಂಥ ಚೈನ್ ಬಿಸಿನೆಸ್ಸು. ಏಪ್ರಿಲ್ ಕೊನೆಯಲ್ಲಿ ಚಿಕ್ಕಮ್ಮನಿಗೆ ಜ್ವರ ಬಂದಾಗ ಒಂದು ಸಹಾಯವಾಣಿಗೆ ನಾನು ಬೆಂಗಳೂರಿನಿಂದ ಇಪ್ಪತ್ತು ಸಲ ಫೋನು ಮಾಡಿದ್ದೇನೆ. ಒಂದು ಸಲ ಎತ್ತಿದರು, ಹೆಸರು ವಯಸ್ಸು ಬರೆದುಕೊಂಡರು, ವಾಪಸ್ ಮಾಡುತ್ತೇವೆ ಅಂದರು. ಮಾಡಿದರು, ಹನ್ನೊಂದು ದಿನದ ಮೇಲೆ, ಚಿಕ್ಕಮ್ಮ ಮುದ್ದೆ ತೊಳಸುತ್ತಿದ್ದಾಗ. ಆದರೆ ಈ ಹುಡುಗ ಜ್ವರ ಬಂದ ಮಾರನೇ ದಿನವೇ ಬೈಕಿನಲ್ಲಿ ಬಂದ. ಗೇಟಿನ ಆಚೆ ನಿಂತು ಜ್ವರದ ಮಾತ್ರೆ, ಬೆರಳಿಗೆ ಹಾಕುವ ಆಕ್ಸಿಮೀಟರ್, ಎಳನೀರು ಇಟ್ಟು, "ಅತ್ತೆ, 94ಕ್ಕಿಂತ ಕಮ್ಮಿ ಬಂದ್ರೆ ನಡುರಾತ್ರಿ ಆದ್ರೂ ಫೋನ್ ಮಾಡಿ" ಅಂತ ಹೇಳಿ ಹೋದ. ದಿನಾ ಬಂದ. ಅವನು ಕಳ್ಳನಾಗಿರಲಿಲ್ಲ, ಅದು ಇಲ್ಲಿ ದೊಡ್ಡ ತೊಡಕು. ಅವನ ಕೊರಳಲ್ಲೂ ಅದೇ ಬಿಲ್ಲೆ ಇತ್ತು, ಅವನ ಹೆಂಡತಿ ಕೊರಳಲ್ಲೂ, ಎರಡು ವರ್ಷದ ಮಗುವಿನ ಕೊರಳಲ್ಲೂ. ಎರಡು ವಾರ ಆದ ಮೇಲೆ ಅವನು ಬಿಲ್ಲೆ ತಂದು ತೋರಿಸಿದರೆ ಚಿಕ್ಕಪ್ಪ ಕೊಂಡಿದ್ದು ಯಾವುದನ್ನು? ಬಿಲ್ಲೆಯನ್ನಾ, ಆ ಎರಡು ವಾರವನ್ನಾ?

ಸುಳ್ಳುಸುದ್ದಿ ಹಬ್ಬುವುದರ ಬಗ್ಗೆ ಬರೆಯುವವರು ಜಾಸ್ತಿ ಮೊಬೈಲನ್ನು ಬೈಯುತ್ತಾರೆ. ಮೊಬೈಲು ದಾರಿ ಅಷ್ಟೇ, ನಂಬಿಕೆ ಮೊದಲೇ ಇದ್ದ ಕಾಲುದಾರಿಯಲ್ಲೇ ನಡೆಯುತ್ತದೆ. ಯಾರು ಹಾಲು ತಂದುಕೊಟ್ಟರೋ, ಯಾರು ಹೆಣ ಹೊತ್ತರೋ, ಅವರು ಹೇಳಿದ ಮಾತಿಗೆ ತೂಕ.

ಗಾಳಿಸುದ್ದಿಯ ಬಗ್ಗೆ ಗಾರ್ಡನ್ ಆಲ್ಪೋರ್ಟ್, ಲಿಯೋ ಪೋಸ್ಟ್‌ಮನ್ ಅಂತ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1947ರಲ್ಲೇ ಒಂದು ಲೆಕ್ಕ ಹೇಳಿದ್ದರು. ವಿಷಯ ಎಷ್ಟು ಮುಖ್ಯ, ಎಷ್ಟು ಅಸ್ಪಷ್ಟ, ಎರಡನ್ನೂ ಗುಣಿಸಿ. ಕೂಡುವುದಲ್ಲ, ಗುಣಿಸುವುದು. ಯಾವುದಾದರೂ ಒಂದು ಸೊನ್ನೆಯಾದರೆ ಸುದ್ದಿ ಹುಟ್ಟುವುದೇ ಇಲ್ಲ. 2021ರ ಮೇ ತಿಂಗಳಲ್ಲಿ ಎರಡೂ ಆಕಾಶದಲ್ಲಿತ್ತು. ಆದರೆ ನನಗೆ ಇದಕ್ಕಿಂತ ಇಷ್ಟವಾಗಿದ್ದು ನಮ್ಮದೇ ದೇಶದ ಒಂದು ಹಳೆಯ ಕೆಲಸ. 1934ರ ಜನವರಿ 15ಕ್ಕೆ ಬಿಹಾರದಲ್ಲಿ ಭಾರಿ ಭೂಕಂಪ ಆಯಿತು. ಆಗ ಜಮುನಾ ಪ್ರಸಾದ್ ಅನ್ನುವ ವಿದ್ವಾಂಸರು ಜನರ ಬಾಯಲ್ಲಿ ಓಡಾಡುತ್ತಿದ್ದ ಸುದ್ದಿಗಳನ್ನು ಬರೆದಿಟ್ಟುಕೊಂಡರು. ಗಂಗೆಯ ನೀರು ಮಾಯವಾಯಿತಂತೆ, ಸ್ನಾನ ಮಾಡುತ್ತಿದ್ದವರು ಮರಳಲ್ಲಿ ಹೂತು ಹೋದರಂತೆ, ಗ್ರಹಣದ ದಿನ ಇನ್ನೂ ದೊಡ್ಡ ಪ್ರಳಯ ಇದೆಯಂತೆ. ಮುಂದೆ ಲಿಯಾನ್ ಫೆಸ್ಟಿಂಜರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನು ಓದಿ ತಲೆ ಕೆರೆದುಕೊಂಡರು. ಈ ಸುದ್ದಿ ಓಡಾಡಿದ್ದು ನೆಲ ನಡುಗಿದ್ದನ್ನು ಕಂಡು ಹೆದರಿದ, ಆದರೆ ಮನೆಮಠ ಕಳೆದುಕೊಳ್ಳದ ಜನರ ನಡುವೆ. ಬದುಕಿ ಉಳಿದವರು ಯಾಕೆ ಇನ್ನೂ ಹೆದರಿಸುವ ಸುದ್ದಿಯನ್ನೇ ಹುಡುಕುತ್ತಾರೆ? ಫೆಸ್ಟಿಂಜರ್‌ಗೆ ಹೊಳೆದ ಉತ್ತರ ಹೀಗಿದೆ. ಭಯ ಆಗಲೇ ಒಳಗೆ ಕೂತಿದೆ, ಹೊರಗೆ ನೋಡಿದರೆ ಅದಕ್ಕೆ ತಕ್ಕ ಕಾರಣ ಕಾಣಿಸುತ್ತಿಲ್ಲ, ಆದ್ದರಿಂದ ಭಯಕ್ಕೆ ಸರಿಹೊಂದುವ ಕಾರಣವನ್ನು ತಂದುಕೊಳ್ಳುತ್ತಾರೆ. ಸುದ್ದಿ ಭಯ ಹುಟ್ಟಿಸುವುದಲ್ಲ, ಭಯ ಸುದ್ದಿಯನ್ನು ಹುಡುಕುವುದು.

ಚಿಕ್ಕಪ್ಪ ಐಸಿಯುನಲ್ಲಿ ಇರಲಿಲ್ಲ. ಮನೆ ಜಗುಲಿಯಲ್ಲಿ, ಸಂಪಿಗೆ ಮರದ ನೆರಳಲ್ಲಿ, ಆರೋಗ್ಯವಾಗಿ ಕೂತಿದ್ದರು. ನೆಲ ನಡುಗುತ್ತಿತ್ತು, ಮನೆ ಬಿದ್ದಿರಲಿಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಹೇಳಿದರೆ ನನ್ನ ಸ್ನೇಹಿತರಿಗೆ ಸಿಟ್ಟು ಬರುತ್ತದೆ. ಪಿತೂರಿ ಕಥೆ ನಂಬಿದವರು ಎಲ್ಲದರಲ್ಲೂ ತಪ್ಪಿರಲಿಲ್ಲ. 'ನಮ್ಮಿಂದ ಏನೋ ಮುಚ್ಚಿಡುತ್ತಿದ್ದಾರೆ' ಅನ್ನುವ ಅನುಮಾನ ಇತ್ತಲ್ಲ, ಅದಕ್ಕೆ ಬುಡ ಇತ್ತು. ಚಾಮರಾಜನಗರ ನೆನಪಿದೆಯಾ? 2021ರ ಮೇ 2ರ ರಾತ್ರಿ ಕಳೆದು 3ರ ಬೆಳಗಾಗುವ ಹೊತ್ತಿಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಅಂತ ಸರ್ಕಾರದ ಕಡೆಯಿಂದ ಮೊದಲು ಮಾತು ಬಂತು. ಹೈಕೋರ್ಟ್ ನೇಮಿಸಿದ ಸಮಿತಿ ಆಮೇಲೆ ಆಕ್ಸಿಜನ್ ಕೊರತೆಯಿಂದ ಸತ್ತವರು ಆ 24 ಕೂಡ ಅಲ್ಲ, 36 ಅಂದಿತು. ಮೂರಕ್ಕೂ ಮೂವತ್ತಾರಕ್ಕೂ ನಡುವೆ ಎಷ್ಟು ಜಾಗ ಇದೆ ನೋಡಿ. ಅಲ್ಲಿ ಒಂದಲ್ಲ, ನೂರು ಕಥೆ ಬೆಳೆಯುತ್ತವೆ.

ಮಾಸ್ಕ್ ಕಥೆಯೂ ಹಾಗೇ. 2020ರ ಶುರುವಿನಲ್ಲಿ ಹುಷಾರಾಗಿರುವವರಿಗೆ ಬೇಡ ಅಂದರು, ಆಮೇಲೆ ಹಾಕದಿದ್ದರೆ ದಂಡ. ಕೋವಿಶೀಲ್ಡ್ ಎರಡನೇ ಡೋಸು ಮೊದಲು ನಾಲ್ಕರಿಂದ ಆರು ವಾರ, ಆಮೇಲೆ ಆರರಿಂದ ಎಂಟು, 2021ರ ಮೇ 13ಕ್ಕೆ ಹನ್ನೆರಡರಿಂದ ಹದಿನಾರು. ಅಂತರ ಜಾಸ್ತಿಯಿದ್ದರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಆಧಾರ ಇತ್ತು, ನಿಜ. ಆದರೆ ಆ ವಾರ ತಿಪಟೂರಿನಲ್ಲಿ ಲಸಿಕೆ ಹಾಕಿಸಲು ಹೋದವರಿಗೆ ಸ್ಟಾಕ್ ಇಲ್ಲ ಅಂತ ಬೋರ್ಡು ಕಾಣುತ್ತಿತ್ತು. ಮಂಡಿಯಲ್ಲಿ ಬೆಳೆದ ಮನುಷ್ಯ ಅದನ್ನು ಹೇಗೆ ಓದುತ್ತಾನೆ? "ಮಾಲಿಲ್ಲ, ಅದಕ್ಕೆ ಗಿರಾಕಿಗೆ ವಾಯಿದೆ ಹೇಳ್ತಾ ಅವ್ರೆ" ಅಂದರು ಚಿಕ್ಕಪ್ಪ. ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಜ್ಞಾನ ತನ್ನ ಮಾತು ತಿದ್ದಿಕೊಳ್ಳುವುದು ಅದರ ದೊಡ್ಡ ಗುಣ ಅಂತ ಕಾಲೇಜಿನಲ್ಲಿ ಕೇಳಿದ್ದೆ. ಮಂಡಿಯಲ್ಲಿ ಬೆಳಿಗ್ಗೆ ಒಂದು ದರ, ಮಧ್ಯಾಹ್ನ ಇನ್ನೊಂದು ದರ ಹೇಳುವವನಿಗೆ ಬೇರೆ ಹೆಸರಿದೆ. ಜೊತೆಗೆ ಸರ್ಕಾರಿ ಮಾತು ಯಾವುದು, ಫಾರ್ವರ್ಡ್ ಯಾವುದು ಅನ್ನುವ ಗೆರೆ ಕೂಡ ತೆಳ್ಳಗಿತ್ತು. ಮುನ್ನೆಚ್ಚರಿಕೆಗೆ ಆರ್ಸೆನಿಕಂ ಆಲ್ಬಂ 30 ಅನ್ನುವ ಹೋಮಿಯೋಪತಿ ಮಾತ್ರೆ ತಗೊಳ್ಳಿ ಅಂತ 2020ರ ಜನವರಿಯಲ್ಲಿ ಸಲಹೆ ಕೊಟ್ಟಿದ್ದು ಯಾರೋ ಗ್ರೂಪ್ ಅಡ್ಮಿನ್ ಅಲ್ಲ, ಆಯುಷ್ ಸಚಿವಾಲಯ. ಆ ಮಾತ್ರೆಯ ಪಕ್ಕ ಈ ಬಿಲ್ಲೆ ಇಟ್ಟು, ಇದು ಶಾಸ್ತ್ರ, ಅದು ಮೋಸ ಅಂತ ಚಿಕ್ಕಪ್ಪನಿಗೆ ಹೇಗೆ ಬಿಡಿಸಿ ಹೇಳುವುದು?

ಹಾಗಂತ ಈ ಕಥೆಗಳೆಲ್ಲ ಪಾಪದವು ಅಂತಲ್ಲ. ಪೆಂಡೆಂಟ್ ಕಥೆಯಲ್ಲಿ ಖಳನಾಯಕ ಒಂದು ಟವರು, ಕಳೆದುಹೋಗಿದ್ದು ಚಿಕ್ಕಪ್ಪನ 3,200. ಬೇರೆ ಕಥೆಗಳಲ್ಲಿ ಖಳನಾಯಕ ಮನುಷ್ಯನಾಗಿದ್ದ, ಬೆಲೆ ಅವನು ತೆತ್ತ. 2020ರ ಮಾರ್ಚ್‌ನಲ್ಲಿ ದೆಹಲಿಯ ನಿಜಾಮುದ್ದೀನ್‌ನಲ್ಲಿ ತಬ್ಲೀಗಿ ಜಮಾತ್ ಅನ್ನುವ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಯಿಂದ ಸೋಂಕು ಹರಡಿದ್ದು ನಿಜ. ಆದರೆ ಅದು ಬೇಕಂತಲೇ ಹರಡುವ ಸಂಚು ಅನ್ನುವ ಕಥೆ ಎರಡೇ ದಿನದಲ್ಲಿ ಊರೂರಿಗೆ ಬಂತು. ಮಧ್ಯಪ್ರದೇಶದ ಹಣ್ಣಿನ ಗಾಡಿಯವನೊಬ್ಬನ ಹಳೆಯ ವಿಡಿಯೋ ಹೊಸದಾಗಿ ಓಡಾಡಿ, ನಮ್ಮ ಕಡೆ ತಳ್ಳುಗಾಡಿಯವರನ್ನು ಬೀದಿಗೆ ಬಿಡದ ಹಾಗಾಯಿತು. ಆ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಕೇಸುಗಳನ್ನು ಅದೇ ವರ್ಷ ಆಗಸ್ಟ್‌ನಲ್ಲಿ ರದ್ದು ಮಾಡುವಾಗ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅವರನ್ನು ಬಲಿಪಶು ಮಾಡಲಾಯಿತು ಅನ್ನುವ ಅರ್ಥದ ಮಾತು ಹೇಳಿತು. ಆ ತೀರ್ಪು ನಮ್ಮ ಗ್ರೂಪಿಗೆ ಬರಲಿಲ್ಲ, ವಿಡಿಯೋ ಬಂದಿತ್ತು. ಆ ಕಡೆಯೂ ಅಷ್ಟೇ, 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸರ್ವೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಜನ ಮುಗಿಬಿದ್ದರು. ಇದು ಕೊರೊನಾ ಲೆಕ್ಕ ಅಲ್ಲ, ಎನ್‌ಆರ್‌ಸಿ ಲೆಕ್ಕ, ಅಂದರೆ ಯಾರು ದೇಶದ ಪೌರರು, ಯಾರಲ್ಲ ಅನ್ನುವ ಪಟ್ಟಿಯ ಲೆಕ್ಕ ಅನ್ನುವ ಗುಮಾನಿ. ಎರಡು ತಿಂಗಳ ಹಿಂದಷ್ಟೇ ಬೀದಿಬೀದಿಯಲ್ಲಿ ಇದ್ದ ಭಯ ಅದು, ರೋಗ ಬಂದಾಗ ಹೊಸ ಅಂಗಿ ತೊಟ್ಟುಕೊಂಡು ಬಂತು. ಪಿತೂರಿ ಕಥೆಗಳು ಶೂನ್ಯದಲ್ಲಿ ಹುಟ್ಟುವುದಿಲ್ಲ, ಮನೆಯಲ್ಲಿ ಮೊದಲೇ ಇದ್ದ ಬಿರುಕಿನಲ್ಲೇ ನೀರು ಇಳಿಯುವುದು.

ಇದು ಮೊಬೈಲ್ ಯುಗದ ಕಾಯಿಲೆ ಅನ್ನುವವರಿಗೆ 1896ರ ಬೊಂಬಾಯಿ ತೋರಿಸಬೇಕು. ಪ್ಲೇಗು ಬಂದಿತ್ತು. ಬ್ರಿಟಿಷ್ ಸರ್ಕಾರದವರು ಮನೆಗೆ ನುಗ್ಗಿ ರೋಗಿಗಳನ್ನು ಎತ್ತಿಕೊಂಡು ಹೋಗುತ್ತಿದ್ದರು, ಹೋದವರಲ್ಲಿ ಎಷ್ಟೋ ಜನ ವಾಪಸ್ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಜನರ ದೇಹದಿಂದ ಎಣ್ಣೆ ತೆಗೆಯುತ್ತಾರೆ, 'ಮೊಮಿಯಾಯಿ' ಅನ್ನುವ ಮುಲಾಮು ಮಾಡುತ್ತಾರೆ ಅನ್ನುವ ಸುದ್ದಿ ಹಬ್ಬಿತ್ತು. ಅಕ್ಟೋಬರ್‌ನಲ್ಲಿ ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಬಿದ್ದರು. ಎರಡು ವರ್ಷದ ಮೇಲೆ ಪ್ಲೇಗು ಬೆಂಗಳೂರಿಗೂ ಬಂತು, ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಅಂತ ಗುಡಿಗಳು ಎದ್ದವು. ಈಗ 2020ಕ್ಕೆ ಬನ್ನಿ. 'ಆಸ್ಪತ್ರೆಗೆ ಹೋದರೆ ಕಿಡ್ನಿ ತೆಗೆದು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕೊಡುತ್ತಾರೆ, ಬಿಚ್ಚಿ ನೋಡೋಕೆ ಬಿಡಲ್ಲ' ಅಂತ ನಮ್ಮ ಬೀದಿಯ ಹಾಲಿನ ಡೈರಿ ಮುಂದೆ ನಾನೇ ಕೇಳಿದ್ದೇನೆ. ಎಣ್ಣೆ ಹೋಗಿ ಕಿಡ್ನಿ ಬಂದಿದೆ ಅಷ್ಟೇ. ಒಳಗೆ ಹೋದವರ ಮುಖ ನೋಡಲು ಬಿಡದಿದ್ದರೆ ಹೊರಗೆ ನಿಂತವರು ಒಳಗೇನು ನಡೆಯುತ್ತಿದೆ ಅಂತ ತಾವೇ ಬರೆದುಕೊಳ್ಳುತ್ತಾರೆ.

ಓದದ ಜನ, ಹಳ್ಳಿ ಜನ ಅನ್ನುವವರಿಗೆ ಇಂಗ್ಲೆಂಡ್ ಇದೆ. 2020ರ ಏಪ್ರಿಲ್‌ನಲ್ಲಿ ಅಲ್ಲಿ 5ಜಿ ಕೊರೊನಾ ತರುತ್ತದೆ ಅಂತ ಹತ್ತಾರು ಟವರಿಗೆ ಬೆಂಕಿ ಹಚ್ಚಿದರು. ಬರ್ಮಿಂಗ್‌ಹ್ಯಾಮಿನ ಕೋವಿಡ್ ಆಸ್ಪತ್ರೆಗೆ ಸಿಗ್ನಲ್ ಕೊಡುತ್ತಿದ್ದ ಟವರಿಗೂ! ನಮ್ಮ ಬಿಲ್ಲೆಯ ದೊಡ್ಡಣ್ಣ ಒಂದು ಅಲ್ಲಿ ಮಾರಾಟಕ್ಕಿತ್ತು, 300 ಪೌಂಡಿಗೂ ಜಾಸ್ತಿ ಬೆಲೆ. ಬಿಚ್ಚಿ ನೋಡಿದರೆ 128 ಎಂಬಿಯ ಸಾದಾ ಪೆನ್‌ಡ್ರೈವ್, ಮೇಲೊಂದು ಸ್ಟಿಕ್ಕರ್. ಅದನ್ನು ಹೋಲಿಸಿದರೆ ನಮ್ಮ ಚಿಕ್ಕಪ್ಪನಿಗೆ ಬಿದ್ದ ಟೋಪಿ ರಿಯಾಯಿತಿ ದರದ್ದು.

ಈಗ ನನ್ನ ಎಡವಟ್ಟು. ಬಿಲ್ಲೆ ಫೋಟೋ ಗ್ರೂಪಿಗೆ ಬಂದ ದಿನ ನಾನು ಸರ್ಕಾರದ ಫ್ಯಾಕ್ಟ್‌ಚೆಕ್ ಒಂದನ್ನು ಹಾಕಿ, ಕೆಳಗೆ ಇಂಗ್ಲಿಷ್ ಲಿಂಕ್ ಎರಡು ಹಾಕಿ, 'ಚಿಕ್ಕಪ್ಪ ಇದೆಲ್ಲ ಫ್ರಾಡ್, ಓದಿ ನೋಡಿ' ಅಂತ ಬರೆದೆ. ಗ್ರೂಪಿನಲ್ಲಿ ಇದ್ದವರು 47 ಜನ. ಬೀಗರಿದ್ದರು, ಅಳಿಯಂದಿರಿದ್ದರು, ಬಿಲ್ಲೆ ಮಾರಿದ ಹುಡುಗನೂ ಇದ್ದ. ಯಾರೂ ಒಂದು ಅಕ್ಷರ ಬರೆಯಲಿಲ್ಲ. ಅರ್ಧ ಗಂಟೆ ಬಿಟ್ಟು ಯಾರೋ ಅತ್ತೆ ಗುಲಾಬಿ ಹೂವಿನ ಜೊತೆ ಶುಭ ಸಂಜೆ ಹಾಕಿದರು. ಅದು ನಮ್ಮ ಮನೆತನದಲ್ಲಿ ಸಭೆ ಮುಕ್ತಾಯ ಅಂತ ಅರ್ಥ. ಚಿಕ್ಕಪ್ಪ ಹತ್ತು ದಿನ ನನ್ನ ಫೋನು ಎತ್ತಲಿಲ್ಲ. ಬಿಲ್ಲೆಯನ್ನು ಅಲ್ಲಿಯವರೆಗೆ ಅಂಗಿಯ ಒಳಗೆ ಹಾಕಿಕೊಳ್ಳುತ್ತಿದ್ದವರು ಆಮೇಲೆ ಹೊರಗೆ ಹಾಕಿಕೊಳ್ಳಲು ಶುರು ಮಾಡಿದರಂತೆ. ದೊಡ್ಡವರ ಮಾತನ್ನು ಎಲ್ಲರೆದುರು ತೆಗೆದುಹಾಕಿದರೆ ಅದು ವಿಷಯ ತಿದ್ದಿದ ಹಾಗಲ್ಲ, ಮಾನ ಕಳೆದ ಹಾಗೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ವಾಟ್ಸಾಪ್‌ನವರು ತಮ್ಮ ಕೈಲಾದ ಬೇಲಿ ಹಾಕಿದ್ದರು. ಮಕ್ಕಳ ಕಳ್ಳರು ಅನ್ನುವ ಸುದ್ದಿಗೆ ಜನ ಅಮಾಯಕರನ್ನು ಹೊಡೆದು ಕೊಂದ 2018ರಲ್ಲಿ, ನಮ್ಮ ಬೀದರ್ ಜಿಲ್ಲೆಯಲ್ಲೂ ಆಯಿತಲ್ಲ, ಆಗ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಭಾರತದಲ್ಲಿ ಮಿತಿ ಹಾಕಿದರು. 2020ರ ಏಪ್ರಿಲ್‌ನಲ್ಲಿ ತುಂಬಾ ಸಲ ಓಡಾಡಿದ ಮೆಸೇಜು ಒಂದು ಸಲಕ್ಕೆ ಒಂದೇ ಕಡೆ ಅಂದರು. ಜೋಡಿ ಬಾಣದ ಗುರುತು ಬರುತ್ತಿತ್ತು. ಅದು ಎಚ್ಚರಿಕೆಯ ಗುರುತು. ನಮ್ಮ ಅತ್ತೆಯೊಬ್ಬರು ಅದನ್ನು 'ತುಂಬಾ ಜನ ಕಳಿಸಿದ್ದಾರೆ, ನಿಜಾನೇ ಇರಬೇಕು' ಅಂತ ಓದಿಕೊಂಡಿದ್ದರು. ಹೋಟೆಲ್ ಮುಂದೆ ಜನ ಇದ್ದರೆ ದೋಸೆ ಚೆನ್ನಾಗಿರುತ್ತದೆ ಅಂತ ನಂಬುವವರು ನಾವು, ಅವರ ತಪ್ಪೇನು?

ಚಿಕ್ಕಪ್ಪ ಲಸಿಕೆ ಹಾಕಿಸಿಕೊಂಡರಾ? ಹಾಕಿಸಿಕೊಂಡರು, ಎರಡೂ. ನನ್ನ ಲಿಂಕು ಓದಿ ಅಲ್ಲ. ಅವರ ಬೀದಿಯ ಆಶಾ ಕಾರ್ಯಕರ್ತೆ, ಅವರಿಗೆ ಹೊಲದ ದಾರಿಯಲ್ಲಿ ಹದಿನೈದು ವರ್ಷದ ಪರಿಚಯ, ಒಂದು ದಿನ ಬಂದು ಜಗುಲಿಯಲ್ಲಿ ಕೂತು ನೀರು ಕುಡಿದು, "ಅಣ್ಣ, ಕೊಳ್ಳಾಗಿರೋದು ಕೊಳ್ಳಾಗಿರ್ಲಿ, ಇದು ತೋಳಿಗೆ" ಅಂದರಂತೆ. ಚಿಕ್ಕಪ್ಪ ನಕ್ಕುಬಿಟ್ಟರು. ಎದ್ದು ಅಂಗಿ ಹಾಕಿಕೊಂಡರು. ಬಿಲ್ಲೆ ತೆಗೆ ಅಂತ ಆಕೆ ಹೇಳಲಿಲ್ಲ. ಚಿಕ್ಕಪ್ಪ ಸೋಲದೆ ಗೆಲ್ಲಬಹುದಾದ ಒಂದು ದಾರಿ ಬಿಟ್ಟರು. ನನ್ನ ಎಂಟು ಸಾಲಿನ ಮೆಸೇಜಿಗಿಂತ ಆ ಒಂದು ವಾಕ್ಯದಲ್ಲಿ ಸಮಾಜಶಾಸ್ತ್ರ ಜಾಸ್ತಿ ಇತ್ತು. ಆಕೆಗೆ ಸಿಗುವ ಗೌರವಧನ ನೋಡಿದರೆ ಮಾತ್ರ ನಾಚಿಕೆಯಾಗುತ್ತದೆ.

ಈಗ ಈ ರಿವ್ಯೂವಿನ ನಿಜವಾದ ಎಚ್ಚರಿಕೆ, ಇದನ್ನು ಹಾರಿಸಿ ಓದಬೇಡಿ. 2021ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸಿನ ಅಣು ಸುರಕ್ಷತೆಯ ಪ್ರಾಧಿಕಾರ 5ಜಿ ತಡೆಯುವ ಹೆಸರಿನಲ್ಲಿ ಮಾರುವ ಹತ್ತು ಸಾಮಾನುಗಳನ್ನು ಪರೀಕ್ಷೆ ಮಾಡಿತು. ಕೊರಳಿನ ಬಿಲ್ಲೆ, ಕೈಬಳೆ, ಕಣ್ಣಿಗೆ ಕಟ್ಟಿ ಮಲಗುವ ಪಟ್ಟಿ, ಮಕ್ಕಳ ಬಳೆ ಕೂಡ. ಹತ್ತರಿಂದಲೂ ವಿಕಿರಣ ಬರುತ್ತಿತ್ತು. ಟವರಿನ ತರಹದ್ದಲ್ಲ, ಅಯಾನೀಕರಿಸುವ ಜಾತಿಯದ್ದು, ಅಂದರೆ ವರ್ಷಗಟ್ಟಲೆ ಮೈಗೆ ತಾಗಿಸಿಕೊಂಡಿದ್ದರೆ ಚರ್ಮ, ಜೀವಕೋಶ ಕೆಡಿಸಬಲ್ಲದ್ದು. ಧರಿಸಬೇಡಿ, ಪೆಟ್ಟಿಗೆಯಲ್ಲಿ ಎತ್ತಿಡಿ ಅಂತ ಹೇಳಿದರು. ಇಂಥ ಬಿಲ್ಲೆಗಳಲ್ಲಿ 'ಶಕ್ತಿ' ಅಂತ ಬೆರೆಸುವ ಖನಿಜದ ಪುಡಿಯಲ್ಲಿ ಥೋರಿಯಂ, ಯುರೇನಿಯಂ ಅನ್ನುವ ವಿಕಿರಣ ಸೂಸುವ ಧಾತು ಇರುತ್ತದೆ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ತುಮಕೂರಿನಲ್ಲಿ ಫಿಸಿಕ್ಸ್ ಪಾಠ ಮಾಡುವ ಸ್ನೇಹಿತನೊಬ್ಬ ಇದ್ದಾನೆ, ಅವನ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗಕ್ಕೆ ಇಟ್ಟಿರುವ, ವಿಕಿರಣ ಅಳೆಯುವ ಗೈಗರ್ ಕೌಂಟರ್ ಇದೆ. ಈಚೆಗೆ ಚಿಕ್ಕಪ್ಪನನ್ನು ಪುಸಲಾಯಿಸಿ ಬಿಲ್ಲೆ ಸಮೇತ ಕರೆದುಕೊಂಡು ಹೋದೆ. ಮೊದಲು ಸುಮ್ನೆ ಆನ್ ಮಾಡಿದ, ಟಿಕ್... ಟಿಕ್... ಅಂತ ಬಿಡಿಬಿಡಿಯಾಗಿ. ಇದು ಎಲ್ಲ ಕಡೆ ಇರುವುದು ಸರ್, ನೆಲದಿಂದ, ಆಕಾಶದಿಂದ ಅಂದ. ಆಮೇಲೆ ಬಿಲ್ಲೆ ಇಟ್ಟ. ಹಂಚಿನ ಮನೆ ಮೇಲೆ ಆಲಿಕಲ್ಲು ಬಿದ್ದ ಹಾಗೆ ಶುರುವಾಯಿತು. ಯಾರೂ ಮಾತಾಡಲಿಲ್ಲ. ಸ್ನೇಹಿತನೇ ಸಮಾಧಾನ ಹೇಳಿದ, ಹೆದರಬೇಡಿ ಸರ್, ಹಳೇ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ ಇಟ್ಟರೂ ಹೀಗೇ ಕೂಗುತ್ತದೆ, ಅದರಲ್ಲೂ ಥೋರಿಯಂ ಇರುತ್ತಿತ್ತು, ಆದರೆ ಮ್ಯಾಂಟಲನ್ನು ಯಾರೂ ಎದೆಗೆ ಕಟ್ಟಿಕೊಂಡು ಮಲಗುತ್ತಿರಲಿಲ್ಲ.

ಚಿಕ್ಕಪ್ಪ ಬಿಲ್ಲೆಯನ್ನು ಕೈಗೆತ್ತಿಕೊಂಡು, ಕಿವಿ ಹತ್ತಿರ ಹಿಡಿದು, ಒಂದು ಸಲ ಅಲ್ಲಾಡಿಸಿದರು. ಕಾಯಿ ಅಲ್ಲಾಡಿಸುವ ಹಾಗೇ.

ವಾಪಸ್ ಬರುವಾಗ ಗುಬ್ಬಿ ದಾಟುವವರೆಗೂ ಮಾತಿಲ್ಲ. ಆಮೇಲೆ ಅಂದರು, "ಅವನಿಗೆ ಹೇಳಬೇಕು ಕಣಪ್ಪ, ಮಗು ಕೊಳ್ಳಲ್ಲಿ ಹಾಕವ್ನೆ." ತಮ್ಮ ದುಡ್ಡಿನ ಮಾತು ಬರಲೇ ಇಲ್ಲ. ಹೇಳಿದ್ದೂ ಅವರೇ, ಗ್ರೂಪಿನಲ್ಲಲ್ಲ, ಅವನ ಮನೆಗೆ ಹೋಗಿ, ಕಾಫಿ ಕುಡಿದು. ಮಗುವಿನದ್ದು ಅವತ್ತೇ ತೆಗೆದರಂತೆ. ಅವನು ಕಂಪನಿಗೆ ಫೋನು ಮಾಡಿದರೆ ನಂಬರು ಚಾಲ್ತಿಯಲ್ಲಿಲ್ಲ. ಮಾರಾಟದ ನಂತರದ ಸೇವೆ ಕೇಳುವವರಿಗೆ ಇಷ್ಟು ಸಾಕು.

ಸ್ಟಾರ್ ಕೊಡಬೇಕಲ್ಲ. ಬಿಲ್ಲೆಗೆ ಸೊನ್ನೆ, ಕೊಳ್ಳಬೇಡಿ, ಯಾರಾದರೂ ಉಡುಗೊರೆ ಕೊಟ್ಟರೂ ಹಾಕಿಕೊಳ್ಳಬೇಡಿ, ಮನೆಯಲ್ಲಿದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಡಬ್ಬಿಯಲ್ಲಿ ದೂರ ಎತ್ತಿಡಿ. ಡಬ್ಬಿಗೆ ಎರಡು ಸ್ಟಾರ್, ವೆಲ್ವೆಟ್ ಚೆನ್ನಾಗಿದೆ. ಮನೆಗೆ ತಲುಪಿಸಿದ ರೀತಿಗೆ ಐದಕ್ಕೆ ಐದು, ಸರ್ಕಾರದವರು ಬಂದು ನೋಡಿ ಕಲಿಯುವಂತಿತ್ತು.

ನಮ್ಮದು ಈಗ ಕೊಬ್ಬರಿ ಅಟ್ಟದ ಮೂಲೆಯಲ್ಲಿದೆ, ತಾತನ ಕಾಲದ ಕೆಟ್ಟ ಪೆಟ್ರೋಮ್ಯಾಕ್ಸ್ ಪಕ್ಕ, ಸ್ಟೀಲ್ ಡಬ್ಬಿಯೊಳಗೆ. ದಾರ ಮಾತ್ರ ಚಿಕ್ಕಪ್ಪ ಬಿಚ್ಚಿಟ್ಟುಕೊಂಡರು. ಒಳ್ಳೆ ಗಟ್ಟಿ ದಾರ, ನಾಲ್ಕು ವರ್ಷ ಬೆವರು ಕುಡಿದರೂ ಒಂದು ಎಳೆ ಬಿಟ್ಟಿಲ್ಲ. ಮಂಡಿ ಗೋಡೌನಿನ ಬೀಗದ ಕೈ ಈಗ ಅದರಲ್ಲೇ ನೇತಾಡುತ್ತದೆ.